ರೇಷನ್ ಕಾರ್ಡಿಗೆ ಕಾಣುವ ಮಕ್ಕಳು ಪ್ಯಾನ್ ಕಾರ್ಡಿಗೆ ಕಾಣುವುದಿಲ್ಲ

ಒಂದು ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆವು. ಊಟ ಆದ ಮೇಲೆ ಅಣ್ಣ ಲ್ಯಾಪ್‌ಟಾಪ್ ತೆಗೆದು 2025-26ರ ತೆರಿಗೆ ಲೆಕ್ಕ ಹಾಕುತ್ತ ಕೂತ. ವರ್ಷಕ್ಕೆ 15 ಲಕ್ಷ ಸಂಬಳ. ಹೊಸ ತೆರಿಗೆ ಪದ್ಧತಿ. ತೆರಿಗೆ 97,500 ರೂಪಾಯಿ. ತಿಂಗಳು ತಿಂಗಳು ಸಂಬಳದಲ್ಲೇ ಮುರಿದುಕೊಳ್ಳುವ ದುಡ್ಡು ಅದು, ಕೈಯಿಂದ ಕಟ್ಟುವುದೇನೂ ಇಲ್ಲ. ಆದರೂ ಒಟ್ಟು ಮೊತ್ತ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ.

“ನಿಮ್ಮಿಬ್ಬರದು ಎಷ್ಟಾಗುತ್ತೋ?” ಅಂತ ಕೇಳಿದ.

ನನ್ನ ಸಂಬಳ 9 ಲಕ್ಷ, ನನ್ನ ಹೆಂಡತಿಯದು 6 ಲಕ್ಷ. ಸೇರಿಸಿದರೆ ನಮ್ಮದೂ 15 ಲಕ್ಷವೇ. ತೆರಿಗೆ ಮಾತ್ರ ಸೊನ್ನೆ. ಹೇಳೋಕೆ ಒಂಥರಾ ಆಯಿತು, ಆದರೂ ಹೇಳಿದೆ.

ಅಣ್ಣನಿಗೆ ಸಿಟ್ಟು ಬರಲಿಲ್ಲ. “ನಿಮ್ಮನೇಲಿ ಎರಡು ತಟ್ಟೆ, ನಮ್ಮನೇಲಿ ನಾಲ್ಕು. ಬರೋ ದುಡ್ಡು ಒಂದೇ. ನನಗೆ ಮಾತ್ರ ಲಕ್ಷದ ಹತ್ತಿರ ಯಾಕೆ?” ಅಂದ. ಒಬ್ಬ ಮಗ ಐದನೇ ಕ್ಲಾಸು, ಮಗಳು ಎಲ್‌ಕೆಜಿ. ಮಗಳು ಹುಟ್ಟಿದ ಮೇಲೆ ಅತ್ತಿಗೆ ಕೆಲಸ ಬಿಟ್ಟಿದ್ದಾರೆ.

ಈ ಏರ್ಪಾಡಿನಲ್ಲಿ ಲಾಭ ಆಗಿರುವುದು ನನಗೇ. ಆದರೂ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದ ಮೇಲೆ ಲೆಕ್ಕವನ್ನು ಮೊದಲಿಂದ ಬಿಡಿಸುತ್ತ ಹೋದೆ.

ಒಂದೇ ದುಡ್ಡು, ಎರಡು ಲೆಕ್ಕ

ನಮ್ಮ ದೇಶದಲ್ಲಿ ಆದಾಯ ತೆರಿಗೆ ಹಾಕುವುದು ಮನೆಗಲ್ಲ, ಆಳಿಗೆ. ಗಂಡನಿಗೆ ಒಂದು ಪ್ಯಾನ್, ಹೆಂಡತಿಗೆ ಒಂದು ಪ್ಯಾನ್. ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದಾರೋ, ಅವರಿಗೆ ಮಕ್ಕಳು ಎಷ್ಟು, ಅಪ್ಪ ಅಮ್ಮ ಜೊತೆಗಿದ್ದಾರೋ, ಇದ್ಯಾವುದೂ ಸ್ಲ್ಯಾಬಿನ, ಅಂದರೆ ತೆರಿಗೆ ದರದ ಮೆಟ್ಟಿಲುಗಳ, ಲೆಕ್ಕಕ್ಕೆ ಬರುವುದಿಲ್ಲ.

2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೆ ಒಂದೊಂದು ಮೆಟ್ಟಿಲು: ಶೇ 5, 10, 15, 20, 25. 24 ಲಕ್ಷ ದಾಟಿದ ಭಾಗಕ್ಕೆ ಶೇ 30. ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಅಂದರೆ ಯಾವ ರಸೀದಿಯೂ ಇಲ್ಲದೆ ಸಂಬಳದಿಂದ ಕಳೆಯುವ ಮೊತ್ತ. ಅದನ್ನು ಕಳೆದ ಮೇಲೆ ಆದಾಯ 12 ಲಕ್ಷದ ಒಳಗಿದ್ದರೆ 87ಎ ರಿಬೇಟ್ ಬಂದು 60,000 ರೂಪಾಯಿವರೆಗಿನ ತೆರಿಗೆಯೆಲ್ಲ ಮನ್ನಾ. ಅಂದರೆ 12.75 ಲಕ್ಷದ ಸಂಬಳದವರೆಗೂ ತೆರಿಗೆ ಇಲ್ಲ.

ಈಗ ಅಣ್ಣನ ಲೆಕ್ಕ. 15 ಲಕ್ಷದಲ್ಲಿ 75,000 ಕಳೆದರೆ 14.25 ಲಕ್ಷ. 4ರಿಂದ 8 ಲಕ್ಷದ ಭಾಗಕ್ಕೆ 20,000. 8ರಿಂದ 12ಕ್ಕೆ 40,000. ಉಳಿದ 2.25 ಲಕ್ಷಕ್ಕೆ ಶೇ 15ರಂತೆ 33,750. ಒಟ್ಟು 93,750. ಅದರ ಮೇಲೆ ಶೇ 4 ಸೆಸ್ (ತೆರಿಗೆಯ ಮೇಲೆ ಹಾಕುವ ತೆರಿಗೆ) ಸೇರಿ 97,500. ಆದಾಯ 12 ಲಕ್ಷ ದಾಟಿದ್ದರಿಂದ ರಿಬೇಟ್ ಇಲ್ಲ.

ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೊಂದು 4 ಲಕ್ಷ, ಒಂದೊಂದು 75,000, ಒಂದೊಂದು ರಿಬೇಟ್. ಅಣ್ಣನ ಮನೆಯಲ್ಲಿ ಎಲ್ಲವೂ ಒಂದೇ ಒಂದು. ಅತ್ತಿಗೆಯ ಪಾಲಿನದು ಪೂರ್ತಿ ಬಳಕೆಯಾಗದೇ ಹೋಗುತ್ತದೆ.

ಸಂಬಳ ಏರಿದಂತೆ ಈ ಅಂತರವೂ ಏರುತ್ತದೆ. ಒಬ್ಬರೇ 18 ಲಕ್ಷ ದುಡಿದರೆ ತೆರಿಗೆ 1,50,800. ಇಬ್ಬರು 9 ಲಕ್ಷದಂತೆ ದುಡಿದು 18 ತಂದರೆ ಸೊನ್ನೆ. ಒಬ್ಬರೇ 24 ಲಕ್ಷ ದುಡಿದರೆ 2,92,500. ಇಬ್ಬರು 12 ಲಕ್ಷದಂತೆ ತಂದರೆ ಆಗಲೂ ಸೊನ್ನೆ. ತಿಂಗಳಿಗೆ 24,375 ರೂಪಾಯಿ ವ್ಯತ್ಯಾಸ. ಬೆಂಗಳೂರಿನಲ್ಲಿ ಅದು ಒಂದು ಮನೆ ಬಾಡಿಗೆ.

ಉಳಿತಾಯ, ವಿಮೆ, ಫೀಸು ತೋರಿಸಿ ತೆರಿಗೆ ಇಳಿಸಿಕೊಳ್ಳುವ ಹಳೆ ಪದ್ಧತಿ ಒಂದಿದೆ, ಬೇಕಾದವರು ಅದನ್ನೂ ಆರಿಸಿಕೊಳ್ಳಬಹುದು. ಅದರಲ್ಲೂ ಲೆಕ್ಕ ಆಳಿಗೇ ಇತ್ತು, ಅಂತರವೂ ಇತ್ತು. ಆದರೆ 12 ಲಕ್ಷದ ರಿಬೇಟ್ ಬಂದ ಮೇಲೆ ಒಂದು ಕಡೆ ಪೂರ್ತಿ ಸೊನ್ನೆ, ಇನ್ನೊಂದು ಕಡೆ ಲಕ್ಷದ ಮಾತು ಆಗಿದೆ. ಅಕ್ಕಪಕ್ಕದ ಎರಡು ಮನೆಯವರು ಕೂತು ಹೋಲಿಸಿದರೆ ಕಣ್ಣಿಗೆ ಹೊಡೆಯುತ್ತದೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. 15 ಲಕ್ಷ ಸಂಬಳ ಅಂದರೆ ನಮ್ಮ ದೇಶದಲ್ಲಿ ಸಣ್ಣ ಮೊತ್ತ ಅಲ್ಲ. ದುಡಿಯುವ ಬಹುಪಾಲು ಜನ ಆದಾಯ ತೆರಿಗೆಯನ್ನೇ ಕಟ್ಟುವುದಿಲ್ಲ, ಕಟ್ಟುವಷ್ಟು ಸಂಬಳ ಅವರಿಗೆ ಇಲ್ಲ. ಅವರ ಮಕ್ಕಳ ವಿಷಯಕ್ಕೂ ಬರುತ್ತೇನೆ. ಆದರೆ ತೆರಿಗೆ ಹಾಕುವುದಕ್ಕೆ ಇರುವ ಮೂಲ ನಿಯಮ ಒಂದೇ: ಯಾರಿಗೆ ಎಷ್ಟು ಹೊರಲು ಆಗುತ್ತದೋ ಅಷ್ಟು. ನಾಲ್ಕು ಜನರ ಸಂಸಾರಕ್ಕೂ ಇಬ್ಬರ ಸಂಸಾರಕ್ಕೂ ಒಂದೇ ದುಡ್ಡು ಬಂದಾಗ ಹೊರುವ ಶಕ್ತಿ ಯಾರಿಗೆ ಜಾಸ್ತಿ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಕೊಡುವಾಗ ಒಂಟಿ, ವಸೂಲಿಗೆ ಜೋಡಿ

ಆ ದಿನ ಅತ್ತಿಗೆ ಒಂದು ಒಳ್ಳೆ ಪ್ರಶ್ನೆ ಕೇಳಿದರು. “ಅವರ ಉಳಿತಾಯದ ದುಡ್ಡನ್ನ ನನ್ನ ಹೆಸರಲ್ಲಿ ಎಫ್‌ಡಿ ಇಟ್ಟರೆ? ನನಗೆ ಆದಾಯವೇ ಇಲ್ವಲ್ಲ, ಬಡ್ಡಿಗೆ ತೆರಿಗೆ ಬೀಳಲ್ಲ ತಾನೇ?”

ಬೀಳುತ್ತದೆ. ಇದಕ್ಕೆ ಆಡಿಟರುಗಳು ಕ್ಲಬ್ಬಿಂಗ್ ಅನ್ನುತ್ತಾರೆ. ಗಂಡ ಹೆಂಡತಿಗೆ ದುಡ್ಡು ಕೊಟ್ಟರೆ ಆ ಉಡುಗೊರೆಗೆ ತೆರಿಗೆ ಇಲ್ಲ. ಆದರೆ ಆ ದುಡ್ಡಿನಿಂದ ಹುಟ್ಟುವ ಆದಾಯ ಮತ್ತೆ ಗಂಡನ ಲೆಕ್ಕಕ್ಕೇ ಸೇರುತ್ತದೆ. ಹೆಂಡತಿ ಗಂಡನಿಗೆ ಕೊಟ್ಟರೂ ಹಾಗೇ. ಅಣ್ಣ 10 ಲಕ್ಷ ಅತ್ತಿಗೆಯ ಹೆಸರಿನಲ್ಲಿ ಇಟ್ಟು ಶೇ 7ರಂತೆ 70,000 ಬಡ್ಡಿ ಬಂತು ಅಂತ ಇಟ್ಟುಕೊಳ್ಳಿ. ಅದು ಅಣ್ಣನ ಆದಾಯಕ್ಕೆ ಸೇರಿ ಶೇ 15ರ ಸ್ಲ್ಯಾಬಿನಲ್ಲಿ, ಸೆಸ್ ಸೇರಿ, 10,920 ರೂಪಾಯಿ ತೆರಿಗೆ ತರುತ್ತದೆ.

ಮಕ್ಕಳ ಹೆಸರಿನಲ್ಲಿ ಇಟ್ಟರೆ? ಹದಿನೆಂಟು ತುಂಬದ ಮಗುವಿನ ಬಡ್ಡಿಯೂ ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೆ ಹೋಗುತ್ತದೆ. ಹಳೆ ಪದ್ಧತಿಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 1,500 ರೂಪಾಯಿ ಬಿಡುತ್ತಿದ್ದರು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಕ್ಲಬ್ಬಿಂಗ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ದೊಡ್ಡ ಆಸ್ತಿ ಇರುವವರು ಮನೆಮಂದಿಯ ಹೆಸರಿಗೆಲ್ಲ ಹಂಚಿ ತೆರಿಗೆಯಿಂದ ಜಾರಿಕೊಳ್ಳುತ್ತಾರೆ. ನನ್ನ ತಕರಾರು ಬೇರೆ. ಆದಾಯ ಸೇರಿಸುವಾಗ ಗಂಡ, ಹೆಂಡತಿ, ಮಗು ಎಲ್ಲ ಒಂದೇ ಸಂಸಾರ ಅಂತ ಕಾನೂನಿಗೆ ಗೊತ್ತಾಗುತ್ತದೆ. ಅದೇ ಸಂಸಾರದ ಖರ್ಚಿನ ಮಾತು ಬಂದಾಗ ಮರೆತುಹೋಗುತ್ತದೆ.

ಮನೆಯನ್ನು ಮನೆಯಾಗಿ ನೋಡುವುದು ಸರ್ಕಾರಕ್ಕೆ ಬಾರದ ವಿದ್ಯೆಯೂ ಅಲ್ಲ. ರೇಷನ್ ಕಾರ್ಡ್ ನೋಡಿ. ಆಹಾರ ಭದ್ರತೆ ಕಾಯ್ದೆಯಲ್ಲಿ ಆದ್ಯತೆಯ ಕಾರ್ಡಿನ ಮನೆಗೆ ತಲೆಗೆ 5 ಕೆಜಿ ಧಾನ್ಯ. ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದರೆ ಅಕ್ಕಿಯೂ ಸೇರುತ್ತದೆ. ಬಾಯಿ ಲೆಕ್ಕ ಹಾಕಿಯೇ ಕೊಡುತ್ತಾರೆ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಗೆ ಬರುತ್ತದೆ, ಆದರೆ ಅವಳ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಬರುವುದಿಲ್ಲ. ಪಿಎಂ ಕಿಸಾನ್‌ನಲ್ಲೂ ಕುಟುಂಬದ ಒಬ್ಬರು ತೆರಿಗೆ ಕಟ್ಟಿದ್ದರೆ ಇಡೀ ಕುಟುಂಬ ಹೊರಗೆ. ಮೇಲ್ಜಾತಿಯ ಬಡವರಿಗಿರುವ ಶೇ 10 ಮೀಸಲಾತಿಗೆ 8 ಲಕ್ಷದ ಮಿತಿ ನೋಡುವುದು ಕುಟುಂಬದ ಆದಾಯಕ್ಕೆ.

ಅತ್ತಿಗೆಯನ್ನೇ ತೆಗೆದುಕೊಳ್ಳಿ. ಗೃಹಲಕ್ಷ್ಮಿಯ ಅರ್ಜಿಯ ಮುಂದೆ ಅವರು ತೆರಿಗೆ ಕಟ್ಟುವವನ ಹೆಂಡತಿ, ಹಾಗಾಗಿ ಅನರ್ಹರು. ಅದೇ ಗಂಡನ ತೆರಿಗೆಯ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಗೃಹಲಕ್ಷ್ಮಿಯ ದುಡ್ಡು ಅವರಿಗೆ ಬೇಕಾಗಿಯೂ ಇಲ್ಲ, ಅದು ಸೇರಬೇಕಾದ ಮನೆಗಳಿಗೆ ಸೇರಲಿ. ಎರಡು ಇಲಾಖೆಗಳು ಒಂದೇ ಹೆಂಗಸನ್ನು ಎರಡು ಥರ ನೋಡುತ್ತವಲ್ಲ, ನಾನು ಕೇಳುತ್ತಿರುವುದು ಅದನ್ನು.

ಹಿಂದೂ ಅವಿಭಕ್ತ ಕುಟುಂಬಕ್ಕೆ ಬೇರೆ ಪ್ಯಾನ್ ಇದೆಯಲ್ಲ ಅಂತ ಕೆಲವರು ಹೇಳಬಹುದು. ಇದೆ. ಆದರೆ ಅದು ಪಿತ್ರಾರ್ಜಿತ ಆಸ್ತಿಯೋ ಕುಟುಂಬದ ವ್ಯಾಪಾರವೋ ಇರುವವರಿಗೆ. ತಿಂಗಳ ಸಂಬಳವನ್ನು ಅದಕ್ಕೆ ಹಾಕಲು ಬರುವುದಿಲ್ಲ. ಎಲ್ಲ ಧರ್ಮದವರಿಗೂ ಸಿಗುವುದೂ ಇಲ್ಲ.

ನೂರು ರೂಪಾಯಿಯ ಮಗು

ಹಿಂದೆ ಹೀಗಿರಲಿಲ್ಲ. 1955ರ ಬಜೆಟ್‌ನಲ್ಲಿ ಹಣಕಾಸು ಸಚಿವರಾಗಿದ್ದ ಸಿ.ಡಿ. ದೇಶಮುಖ್ ಅವರು ಮದುವೆಯಾದವರಿಗೆ 2,000 ರೂಪಾಯಿವರೆಗೆ, ಆಗದವರಿಗೆ 1,000 ರೂಪಾಯಿವರೆಗೆ ಮಾತ್ರ ತೆರಿಗೆ ಇಲ್ಲ ಎಂದು ಬೇರೆ ಬೇರೆ ಮಿತಿ ಇಟ್ಟರು. ಅದೇ ದಶಕದ ಕೊನೆಯ ಹೊತ್ತಿಗೆ ಮಕ್ಕಳೂ ಲೆಕ್ಕಕ್ಕೆ ಬಂದರು. ಮದುವೆಯಾಗಿ ಮಕ್ಕಳಿಲ್ಲದವರಿಗೆ 3,000, ಒಂದು ಮಗು ಇದ್ದರೆ 3,300, ಎರಡಿದ್ದರೆ 3,600. ಆಗ ಕಂಪ್ಯೂಟರ್ ಇರಲಿಲ್ಲ, ಆಧಾರ್ ಇರಲಿಲ್ಲ. ಆದರೂ ಮಕ್ಕಳನ್ನು ಎಣಿಸಲು ಆಗುತ್ತಿತ್ತು. ಕಾಲ ಕಳೆದಂತೆ ಆ ಮಿತಿಗಳು ಹೋದವು.

ಹಳೆ ಪದ್ಧತಿಯಲ್ಲಿ ಅದರ ಚೂರುಪಾರು ಉಳಿದಿತ್ತು. ಕೆಲವು ಉಳಿತಾಯ, ಖರ್ಚುಗಳನ್ನು ಆದಾಯದಿಂದ ಕಳೆಯಲು ಬಿಡುವ 80ಸಿ ಕಲಮಿನಲ್ಲಿ ಇಬ್ಬರು ಮಕ್ಕಳ ಟ್ಯೂಷನ್ ಫೀಸು ತೋರಿಸಬಹುದು. ಆದರೆ ಪಿಎಫ್, ಎಲ್‌ಐಸಿ, ಮನೆ ಸಾಲದ ಅಸಲು, ಮಗಳ ಸುಕನ್ಯಾ ಸಮೃದ್ಧಿ ಖಾತೆ, ಎಲ್ಲವೂ ಅದೇ 1.5 ಲಕ್ಷದ ಡಬ್ಬಿಯಲ್ಲಿ ತುಂಬಬೇಕು. ಆ 1.5 ಲಕ್ಷ 2014ರಲ್ಲಿ ನಿಗದಿಯಾದದ್ದು. ಅಲ್ಲಿಂದ ಶಾಲೆ ಫೀಸು ಎಷ್ಟು ಸಲ ಏರಿದೆ ಅಂತ ಯಾವ ತಾಯಿ ತಂದೆಯನ್ನು ಕೇಳಿದರೂ ಹೇಳುತ್ತಾರೆ. ಪಿಎಫ್ ಒಂದರಲ್ಲೇ ಡಬ್ಬಿ ತುಂಬಿಹೋಗುವವರಿಗೆ ಮಕ್ಕಳ ಫೀಸಿನಿಂದ ಒಂದು ಪೈಸೆಯೂ ಉಳಿಯುವುದಿಲ್ಲ.

ಸಂಬಳದಲ್ಲಿ ‘ಮಕ್ಕಳ ಶಿಕ್ಷಣ ಭತ್ಯೆ’ ಅಂತ ಒಂದು ಸಾಲು ಇರುತ್ತದೆ. 1962ರ ಆದಾಯ ತೆರಿಗೆ ನಿಯಮಗಳ ಪ್ರಕಾರ ಅದರಲ್ಲಿ ತೆರಿಗೆ ಇಲ್ಲದ ಭಾಗ ತಿಂಗಳಿಗೆ ಒಂದು ಮಗುವಿಗೆ 100 ರೂಪಾಯಿ ಇತ್ತು. ಹಾಸ್ಟೆಲಿನಲ್ಲಿ ಓದಿದರೆ 300. ಅದೂ ಇಬ್ಬರು ಮಕ್ಕಳಿಗೆ ಮಾತ್ರ, ಅದೂ ಹಳೆ ಪದ್ಧತಿಯಲ್ಲಿ ಮಾತ್ರ. 2025-26ರ ಲೆಕ್ಕಕ್ಕೂ ಇದೇ ನಿಯಮ ಇತ್ತು. ನೂರು ರೂಪಾಯಿಗೆ ಈಗ ಮಗುವಿನ ಒಂದು ಜೊತೆ ಒಳ್ಳೆ ಸಾಕ್ಸ್ ಬರುತ್ತದೆ, ಶೂ ಬರುವುದಿಲ್ಲ.

ಹಾಗಂತ ಹಳೆ ಪದ್ಧತಿಗೆ ಹೋಗಿ ಅಂತ ಅಣ್ಣನಿಗೆ ಹೇಳಲು ಬರುವುದಿಲ್ಲ. 80ಸಿ ಪೂರ್ತಿ ತುಂಬಿ, 25,000 ರೂಪಾಯಿಯ ಆರೋಗ್ಯ ವಿಮೆ ತೋರಿಸಿದರೂ ಅಲ್ಲಿ ಅವನ ತೆರಿಗೆ 2,02,800 ಆಗುತ್ತದೆ. ಸ್ವಂತ ಮನೆ, ಹಾಗಾಗಿ ಬಾಡಿಗೆಯ ಲೆಕ್ಕ ಇಲ್ಲ. ಮನೆಯ ಸಾಲವೂ ತೀರಿದೆ. ಹೊಸ ಪದ್ಧತಿಯೇ ಅವನಿಗೆ ಅಗ್ಗ. ಹೊಸ ಪದ್ಧತಿ ಸರಳ, ಅದಕ್ಕೆ ಜನ ಅದನ್ನು ಒಪ್ಪಿದ್ದಾರೆ. ಎಲ್‌ಐಸಿ ರಸೀದಿ ಹುಡುಕುವ ಕಷ್ಟ ತಪ್ಪಿದೆ. ಆದರೆ ಗುಡಿಸುವಾಗ ಕಸದ ಜೊತೆ ಮಗುವಿನ ನೂರು ರೂಪಾಯಿಯೂ ಹೋಯಿತು. ಅದರ ಜಾಗಕ್ಕೆ ಬೇರೆ ಏನೂ ಬರಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಡೇ ಕೇರ್ ವಿಷಯ. ಒಬ್ಬ ವ್ಯಾಪಾರಿ ಅಂಗಡಿಗೆ ಹುಡುಗನನ್ನು ಇಟ್ಟುಕೊಂಡರೆ ಅವನ ಸಂಬಳ ವ್ಯಾಪಾರದ ಖರ್ಚು. ಅದನ್ನು ಕಳೆದು ಉಳಿದದ್ದಕ್ಕೆ ತೆರಿಗೆ. ಅವನಿಲ್ಲದೆ ಅಂಗಡಿ ನಡೆಯುವುದಿಲ್ಲ, ಹಾಗಾಗಿ ಅದು ನ್ಯಾಯವೇ. ಎರಡು ವರ್ಷದ ಮಗುವನ್ನು ಡೇ ಕೇರಿನಲ್ಲಿ ಬಿಟ್ಟು ಆಫೀಸಿಗೆ ಹೋಗುವ ತಾಯಿಗೆ ಆ ಡೇ ಕೇರ್ ಇಲ್ಲದೆ ದುಡಿಯಲು ಆಗುತ್ತದೆಯೇ? ಇಲ್ಲ. ಆದರೂ ಆ ಖರ್ಚು ತೆರಿಗೆಯ ಕಣ್ಣಿನಲ್ಲಿ ‘ವೈಯಕ್ತಿಕ’. ಹಳೆ ಪದ್ಧತಿಯಲ್ಲಿ ಪ್ಲೇ ಸ್ಕೂಲಿನ ಟ್ಯೂಷನ್ ಫೀಸನ್ನು 80ಸಿಯಲ್ಲಿ ತೋರಿಸಬಹುದು, ಮಗುವನ್ನು ದಿನವಿಡೀ ನೋಡಿಕೊಳ್ಳುವ ಡೇ ಕೇರಿನ ದುಡ್ಡನ್ನು ತೋರಿಸಲು ಬರುವುದಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾಯಿತು. ಅದಕ್ಕಿಂತ ಸಣ್ಣ ಆಫೀಸುಗಳಲ್ಲಿ ದುಡಿಯುವ ತಾಯಂದಿರಿಗೆ ಆ ನಿಯಮ ತಲುಪುವುದಿಲ್ಲ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗೆಂದು ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದರು. ಆ ಯೋಚನೆ ಪಟ್ಟಣಗಳಿಗೂ ಬರಬೇಕಿತ್ತು.

ಜೋಡಿ ರಿಟರ್ನ್ಸ್ ಬಂದರೆ ಸರಿಯಾಗುತ್ತದೆಯೇ?

ಅಣ್ಣನಂಥವರ ಕಷ್ಟಕ್ಕೆ ಕೂಡಲೇ ತೋಚುವ ಮದ್ದು ಒಂದಿದೆ. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ಸ್ ಸಲ್ಲಿಸಲಿ, ಸ್ಲ್ಯಾಬುಗಳನ್ನು ಎರಡು ಪಟ್ಟು ಮಾಡಲಿ. 2025ರ ಬಜೆಟ್‌ಗೆ ಮೊದಲು ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ ಕೂಡ ದಂಪತಿಗೆ ಇಂಥ ಆಯ್ಕೆ ಕೊಡಿ ಎಂದು ಸಲಹೆ ಮಾಡಿತ್ತು. ಅಮೆರಿಕದಲ್ಲಿ 1948ರಿಂದ, ಜರ್ಮನಿಯಲ್ಲಿ 1958ರಿಂದ ಇದು ಇದೆ. ಫ್ರಾನ್ಸ್ 1945ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆದಾಯವನ್ನು ಭಾಗ ಮಾಡುವಾಗ ಮಕ್ಕಳಿಗೂ ಪಾಲು ಇಟ್ಟಿದೆ. ಮೊದಲ ಎರಡು ಮಕ್ಕಳಿಗೆ ಅರ್ಧರ್ಧ ಪಾಲು, ಮೂರನೆಯದರಿಂದ ಪೂರ್ತಿ ಪಾಲು.

ಮೊದಲು ನನಗೂ ಇದೇ ಸರಿ ಅನ್ನಿಸಿತ್ತು. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಮನಸ್ಸು ಬದಲಾಯಿತು.

ಗಂಡ 24 ಲಕ್ಷ ದುಡಿಯುವ ಒಂದು ಮನೆ ಅಂದುಕೊಳ್ಳಿ. ಹೆಂಡತಿ ಮನೆಯಲ್ಲಿದ್ದಾರೆ. ಸ್ಲ್ಯಾಬ್ ಮತ್ತು ರಿಬೇಟ್ ಎರಡನ್ನೂ ದುಪ್ಪಟ್ಟು ಮಾಡಿದರೆ ಈ ಮನೆಯ ತೆರಿಗೆ 2,92,500ರಿಂದ ಸೊನ್ನೆಗೆ ಇಳಿಯುತ್ತದೆ. ಒಳ್ಳೆಯದೇ. ಈಗ ಹೆಂಡತಿಗೆ 6 ಲಕ್ಷದ ಕೆಲಸ ಸಿಕ್ಕಿತು ಅನ್ನಿ. ಸೇರಿಸಿದರೆ 30 ಲಕ್ಷ. ಇಬ್ಬರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 28.5 ಲಕ್ಷ. ದುಪ್ಪಟ್ಟು ರಿಬೇಟಿನ 24 ಲಕ್ಷವನ್ನು ದಾಟಿತು. ತೆರಿಗೆ 1,95,000. ಅಂದರೆ ಅವರು ಕೆಲಸಕ್ಕೆ ಹೋದ ಒಂದೇ ಕಾರಣಕ್ಕೆ ಮನೆಗೆ ಬಿದ್ದ ತೆರಿಗೆ ಅವರ ಸಂಬಳದ ಮೂರನೇ ಒಂದು ಭಾಗದಷ್ಟು. ಇವತ್ತಿನ ಪದ್ಧತಿಯಲ್ಲಿ ಅವರ 6 ಲಕ್ಷಕ್ಕೆ ಒಂದು ರೂಪಾಯಿ ತೆರಿಗೆಯೂ ಇಲ್ಲ.

ಆಮೇಲೆ ಆ ಮನೆಯಲ್ಲಿ ಯಾವ ಮಾತು ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. “ತೆರಿಗೆಗೆ ಇಷ್ಟು, ಡೇ ಕೇರಿಗೆ ಇಷ್ಟು, ಓಡಾಟಕ್ಕೆ ಇಷ್ಟು. ಉಳಿಯೋದೇನು? ಸುಮ್ನೆ ಮನೇಲೇ ಇರು.” ಜರ್ಮನಿಯಲ್ಲಿ ಈ ಪದ್ಧತಿಯ ಮೇಲೆ ದಶಕಗಳಿಂದ ಇರುವ ದೂರು ಇದೇ. ಮದುವೆಯಾದ ಹೆಂಗಸರು ಅರೆಕಾಲಿಕ ಕೆಲಸದಲ್ಲೇ ನಿಲ್ಲುತ್ತಾರೆ ಅಂತ. ಸ್ವೀಡನ್ 1971ರಲ್ಲಿ ಜೋಡಿ ಲೆಕ್ಕ ಬಿಟ್ಟು ಒಬ್ಬೊಬ್ಬರ ಲೆಕ್ಕಕ್ಕೆ ಬಂದದ್ದಕ್ಕೆ ಹೆಂಗಸರು ಕೆಲಸಕ್ಕೆ ಬರಲಿ ಎಂಬುದೇ ಒಂದು ದೊಡ್ಡ ಕಾರಣ. ಬ್ರಿಟನ್ 1990ರಲ್ಲಿ ಬಂತು.

ನಮ್ಮಲ್ಲಿ 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ 15 ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿರುವವರು ಅಥವಾ ಕೆಲಸ ಹುಡುಕುತ್ತಿರುವವರು ಶೇ 41.7. ಇಂಥ ದೇಶದಲ್ಲಿ ಹೆಂಡತಿಯ ಮೊದಲ ಸಂಬಳದ ಮೇಲೇ ಗಂಡನ ಸ್ಲ್ಯಾಬಿನ ಭಾರ ಹೇರುವ ಕಾನೂನು ನನಗೆ ಬೇಡ. ಆಳಿಗೊಂದು ಲೆಕ್ಕ ಅನ್ನುವ ನಮ್ಮ ಪದ್ಧತಿಯಲ್ಲಿ ಇದೊಂದು ದೊಡ್ಡ ಗುಣ ಇದೆ. ಅದನ್ನು ಕಳೆದುಕೊಳ್ಳಬಾರದು.

ಇನ್ನೊಂದು ಕಾರಣವೂ ಇದೆ. ಅಣ್ಣನ ಮನೆಯನ್ನೂ ನಮ್ಮ ಮನೆಯನ್ನೂ ಬರೀ ದುಡ್ಡಿನಲ್ಲಿ ಹೋಲಿಸಿದರೆ ಪೂರ್ತಿ ನ್ಯಾಯ ಆಗುವುದಿಲ್ಲ. ಅತ್ತಿಗೆ ಮನೆಯಲ್ಲಿ ಮಾಡುವ ಕೆಲಸಕ್ಕೆ ಬೆಲೆ ಇದೆ, ಆ ಬೆಲೆಗೆ ತೆರಿಗೆ ಇಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಸಂಬಳವಿಲ್ಲದ ಮನೆಗೆಲಸದಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ ಎಂದು ಬಂದಿದೆ. ನಮ್ಮ ಮನೆಯಲ್ಲಿ ಅಡುಗೆಗೆ ಒಬ್ಬರಿಗೆ ಸಂಬಳ ಕೊಡುತ್ತೇವೆ. ಎರಡು ಕಡೆ ಬಸ್ಸು, ಆಟೊ ಖರ್ಚು. ಇಬ್ಬರೂ ದುಡಿಯುವುದೇನೂ ಪುಕ್ಕಟೆ ಅಲ್ಲ.

ಹಾಗಾಗಿ ಒಬ್ಬರ ದುಡಿಮೆ, ಇಬ್ಬರ ದುಡಿಮೆ ಎಂಬ ಜಗಳವನ್ನು ಸ್ವಲ್ಪ ಪಕ್ಕಕ್ಕಿಡೋಣ. ಅಣ್ಣ ಹೇಳಿದ್ದರಲ್ಲಿ ಗಟ್ಟಿಯಾದ ಮಾತು ಅದಲ್ಲ. ನಾಲ್ಕು ತಟ್ಟೆ ಅಂದನಲ್ಲ, ಅದು.

ನನ್ನ ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ಗಂಡ ತೀರಿಕೊಂಡು ಆರು ವರ್ಷ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಅವರ ಸಂಬಳವೂ ಅಣ್ಣನಷ್ಟೇ, ತೆರಿಗೆಯೂ ಅಷ್ಟೇ, 97,500. ಜೋಡಿ ರಿಟರ್ನ್ಸ್ ನಾಳೆಯೇ ಬಂದರೂ ಇವರಿಗೆ ಏನೂ ಸಿಗುವುದಿಲ್ಲ, ಜೋಡಿಯೇ ಇಲ್ಲವಲ್ಲ. ಮಕ್ಕಳಿಲ್ಲದ, ಒಬ್ಬರೇ 24 ಲಕ್ಷ ದುಡಿಯುವ ಮನೆಗೆ ಮೂರು ಲಕ್ಷದ ಹತ್ತಿರ ಉಳಿತಾಯ, ಇವರಿಗೆ ಸೊನ್ನೆ. ಮದುವೆಯನ್ನು ಎಣಿಸುವ ಕಾನೂನು ಇಂಥವರನ್ನು ಹೊರಗೇ ಬಿಡುತ್ತದೆ. ಮಗುವನ್ನು ಎಣಿಸಿದರೆ ಇವರೂ ಒಳಗೆ ಬರುತ್ತಾರೆ, ಅಣ್ಣನೂ ಬರುತ್ತಾನೆ, ನಾಳೆ ನಮಗೆ ಮಗುವಾದರೆ ನಾವೂ ಬರುತ್ತೇವೆ.

ಎಣಿಸುವುದಾದರೆ ಹೇಗೆ

ಆದಾಯದಿಂದ ಕಳೆಯುವ ವಿನಾಯಿತಿ ಒಂದು ದಾರಿ, ತೆರಿಗೆಯಿಂದಲೇ ಕಳೆಯುವ ರಿಬೇಟ್ ಇನ್ನೊಂದು. ಎರಡೂ ಒಂದೇ ಥರ ಕೇಳಿಸುತ್ತವೆ, ಆದರೆ ಒಂದೇ ಅಲ್ಲ. ಮಗುವಿಗೆ 1 ಲಕ್ಷದ ವಿನಾಯಿತಿ ಕೊಟ್ಟರೆ ಶೇ 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ 31,200 ಉಳಿಯುತ್ತದೆ. ಶೇ 15ರ ಸ್ಲ್ಯಾಬಿನಲ್ಲಿರುವ ಅಣ್ಣನಂಥವರಿಗೆ 15,600. ತೆರಿಗೆ ಕಟ್ಟದವರಿಗೆ ಏನೂ ಇಲ್ಲ. ಶ್ರೀಮಂತರ ಮಗುವಿಗೆ ಎರಡು ಪಟ್ಟು ಬೆಲೆ ಕಟ್ಟಿದ ಹಾಗಾಯಿತು. ರಿಬೇಟ್ ಆದರೆ ಎಲ್ಲ ಮಕ್ಕಳಿಗೂ ಒಂದೇ ಮೊತ್ತ.

ಉದಾಹರಣೆಗೆ ಮಗುವಿಗೆ 25,000 ರೂಪಾಯಿ ರಿಬೇಟ್ ಅಂತಿಟ್ಟುಕೊಂಡರೆ ಅಣ್ಣನ 93,750ರಲ್ಲಿ 50,000 ಕಳೆದು, ಸೆಸ್ ಸೇರಿ 45,500 ಆಗುತ್ತದೆ. ಸೊನ್ನೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ರಸೀದಿ ಬೇಡ, ಮಗುವಿನ ಆಧಾರ್ ಸಂಖ್ಯೆ ಸಾಕು. ಹೊಸ ಪದ್ಧತಿಯ ಸರಳತೆಯೂ ಕೆಡುವುದಿಲ್ಲ. ಅಮೆರಿಕದಲ್ಲಿ ಇಂಥದೇ ರಿಬೇಟ್ ಇದೆ, 2025ರಲ್ಲಿ ಒಂದು ಮಗುವಿಗೆ 2,200 ಡಾಲರ್.

ಬ್ರಿಟನ್ ಮಾಡಿದ ತಪ್ಪನ್ನು ಮಾತ್ರ ನಾವು ಮಾಡಬಾರದು. ಅಲ್ಲಿ ಮಗುವಿಗೆಂದು ಸರ್ಕಾರ ಕೊಡುವ ದುಡ್ಡನ್ನು ಜಾಸ್ತಿ ದುಡಿಯುವವರಿಂದ ವಾಪಸ್ ತೆಗೆದುಕೊಳ್ಳುತ್ತಾರೆ. ಆದರೆ ನೋಡುವುದು ಮನೆಯ ಆದಾಯವನ್ನಲ್ಲ, ಒಬ್ಬರ ಆದಾಯವನ್ನು. 2024ರಿಂದ ಮಿತಿ 60,000 ಪೌಂಡ್, 80,000 ತಲುಪಿದರೆ ಪೂರ್ತಿ ಹೋಗುತ್ತದೆ. ಒಬ್ಬರೇ 80,000 ದುಡಿಯುವ ಮನೆಗೆ ಏನೂ ಉಳಿಯುವುದಿಲ್ಲ. ಇಬ್ಬರೂ 60,000 ದುಡಿದು 1,20,000 ತರುವ ಮನೆಗೆ ಪೂರ್ತಿ ಸಿಗುತ್ತದೆ. ಅಣ್ಣನ ಪ್ರಶ್ನೆಯನ್ನೇ ಅಲ್ಲಿನವರೂ ಕೇಳುತ್ತಿದ್ದಾರೆ.

ತೆರಿಗೆಯೇ ಕಟ್ಟದ ಮನೆಯ ಮಗುವಿಗೆ ರಿಬೇಟ್ ಕಾಗದದ ಮೇಲಿನ ಅಂಕಿ ಅಷ್ಟೇ. ಅವರಿಗೆ ನಗದಾಗಿಯೇ ಹೋಗಬೇಕು. ಈಗ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ಬರುತ್ತದೆ. ಒಂದೇ ಸಲದ ನೆರವು ಅದು. ಮಗು ಬೆಳೆಯುವುದು ಹದಿನೆಂಟು ವರ್ಷ. ಸಂಬಳದಾರರ ಮಗುವಿಗೆ ವರ್ಷ ವರ್ಷ ರಿಬೇಟ್ ಕೊಟ್ಟು ಕೂಲಿಯವರ ಮಗುವಿಗೆ ಒಂದು ಸಲ ಐದು ಸಾವಿರ ಕೊಡುವುದಾದರೆ ಅದನ್ನು ನಾನು ಒಪ್ಪುವುದಿಲ್ಲ. ಎರಡೂ ಜೊತೆಗೆ ಬರಬೇಕು.

ಈ ಮನೆಗಳು ತೆರಿಗೆ ಕಟ್ಟುವುದಿಲ್ಲ ಅನ್ನುವುದೂ ಅರ್ಧ ಸತ್ಯ. ಜಿಎಸ್‌ಟಿ ಎಲ್ಲರೂ ಕಟ್ಟುತ್ತಾರೆ, ಜನ ಜಾಸ್ತಿ ಇರುವ ಮನೆ ಜಾಸ್ತಿ ಕಟ್ಟುತ್ತದೆ. ಸೆಪ್ಟೆಂಬರ್ 22, 2025ರಿಂದ ನೋಟ್ ಪುಸ್ತಕ, ಪೆನ್ಸಿಲ್, ರಬ್ಬರಿಗೆ ಜಿಎಸ್‌ಟಿ ಹೋಯಿತು. ಮಗುವಿನ ಡೈಪರ್, ಹಾಲಿನ ಬಾಟಲಿ ಶೇ 12ರಿಂದ 5ಕ್ಕೆ ಇಳಿಯಿತು. ಇದು ನಿಜವಾಗಿ ಒಳ್ಳೆಯ ಕೆಲಸ. ಆದರೆ ಕೋಚಿಂಗ್ ಕ್ಲಾಸಿಗೆ ಇನ್ನೂ ಶೇ 18. ಸಿಇಟಿ, ನೀಟ್ ಎಂದು 1 ಲಕ್ಷ ಫೀಸು ಕಟ್ಟುವ ತಂದೆ 18,000 ತೆರಿಗೆಯನ್ನೂ ಕಟ್ಟುತ್ತಾನೆ, ಅವನ ಆದಾಯ ತೆರಿಗೆ ಸೊನ್ನೆಯಾಗಿದ್ದರೂ.

ನಮ್ಮ ಕಾನೂನುಗಳಲ್ಲಿ ‘ಇಬ್ಬರು ಮಕ್ಕಳಿಗೆ ಮಾತ್ರ’ ಎಂಬ ಸಾಲು ಮತ್ತೆ ಮತ್ತೆ ಬರುವುದು ಜನಸಂಖ್ಯೆಯ ಹೆದರಿಕೆ ಇದ್ದ ಕಾಲದ ನೆನಪು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೇ ನಿಲ್ಲಲು ಬೇಕಾದದ್ದು 2.1. ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಎಂದು ಹೇಳುವ ಕಾಲ ಬಂದಿದೆ. ಹಂಗೇರಿಯಲ್ಲಿ 2020ರಿಂದ ನಾಲ್ಕು ಮಕ್ಕಳ ತಾಯಿಗೆ ಜೀವನಪೂರ್ತಿ ಆದಾಯ ತೆರಿಗೆಯೇ ಇಲ್ಲ. ತೆರಿಗೆ ಕಡಿಮೆ ಮಾಡಿ ಮಕ್ಕಳನ್ನು ಹುಟ್ಟಿಸಬಹುದು ಎಂದು ನಾನು ನಂಬುವುದಿಲ್ಲ, ಅದು ದಂಪತಿಯ ಇಷ್ಟ. ಹುಟ್ಟಿದ ಮಗುವಿನ ಖರ್ಚನ್ನು ಕಾನೂನು ಕಂಡರೆ ನನಗೆ ಸಾಕು.

ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ 2025ರ ಬಜೆಟ್ ಭಾಷಣವನ್ನೇ ತೋರಿಸಬಹುದು. 12 ಲಕ್ಷದ ಮನ್ನಾ ಮತ್ತು ಹೊಸ ಸ್ಲ್ಯಾಬುಗಳಿಂದ ನೇರ ತೆರಿಗೆಯಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಡುತ್ತಿದ್ದೇವೆ ಎಂದು ನಿರ್ಮಲಾ ಸೀತಾರಾಮನ್ ಅವರು ಹೇಳಿದ್ದರು. ಅದರಲ್ಲಿ ನನಗೂ ಪಾಲು ಬಂತು. ನಮ್ಮ ಮನೆಯಲ್ಲಿ ಮಕ್ಕಳಿದ್ದಾರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮುಂದಿನ ಸಲ ಸ್ಲ್ಯಾಬ್ ಸಡಿಲ ಮಾಡುವಾಗ ನನ್ನಂಥವನಿಗೆ ಹೋಗುವ ಭಾಗವನ್ನು ಮಕ್ಕಳ ತಲೆ ಎಣಿಸಿ ಹಂಚಿದರೆ ನನಗೆ ಬೇಜಾರಿಲ್ಲ. ಬಜೆಟ್‌ಗೆ ಮೊದಲು ಹಣಕಾಸು ಇಲಾಖೆ ಜನರಿಂದ ಸಲಹೆ ಕೇಳುತ್ತದೆ. ಈ ಸಲ ಅಣ್ಣನ 97,500ರ ಲೆಕ್ಕವನ್ನೂ, ಪಕ್ಕದಲ್ಲಿ ನಮ್ಮ ಸೊನ್ನೆಯನ್ನೂ ಬರೆದು ಕಳಿಸುತ್ತಿದ್ದೇನೆ.